ರೇಡಿಯೊ ಮೊದಲು ಹೇಳಿತು

ನಮ್ಮ ಪಕ್ಕದ ಮನೆಯ ಹಿರಿಯರ ಅಡುಗೆಮನೆಯ ಕಿಟಕಿಕಟ್ಟೆಯ ಮೇಲೆ ಒಂದು ಹಳೆಯ ಟ್ರಾನ್ಸಿಸ್ಟರ್ ಇದೆ. ಅದರ ಏರಿಯಲ್ ಎಂದೋ ಮುರಿದಿದೆ. ಉಳಿದ ಮೋಟಿಗೆ ತಾಮ್ರದ ತಂತಿ ಸುತ್ತಿ, ತಂತಿಯ ಇನ್ನೊಂದು ತುದಿಯನ್ನು ಕಿಟಕಿಯ ಮೊಳೆಗೆ ಸಿಕ್ಕಿಸಿದ್ದಾರೆ. ಡೆಟ್ರಾಯಿಟ್ ಲಯನ್ಸ್ ಎಂಬ ಅಮೆರಿಕನ್ ಫುಟ್‌ಬಾಲ್ ತಂಡದ ಪಂದ್ಯ ಶುರುವಾಗುವ ಹೊತ್ತಿಗೆ ಅವರು ಟಿವಿ ಹಾಕಿ ಅದರ ಸದ್ದನ್ನು ಪೂರ್ತಿ ಅಡಗಿಸುತ್ತಾರೆ. ಆಮೇಲೆ ರೇಡಿಯೊದ ಕಿವಿ ಹಿಂಡಿ 97.1ಕ್ಕೆ ತಂದು ನಿಲ್ಲಿಸುತ್ತಾರೆ. ಚಿತ್ರ ಟಿವಿಯದು, ಮಾತು ರೇಡಿಯೊದ್ದು. ಎರಡು ದಶಕಗಳ ಆಸುಪಾಸಿನಿಂದ ಲಯನ್ಸ್ ಪಂದ್ಯಗಳ ವೀಕ್ಷಕ ವಿವರಣೆ ಕೊಡುತ್ತಿರುವ ಡ್ಯಾನ್ ಮಿಲ್ಲರ್ ಅವರ ದನಿ ಇಲ್ಲದೆ ಪಂದ್ಯ ನೋಡಿದರೆ ಊಟಕ್ಕೆ ಉಪ್ಪಿಲ್ಲದಂತೆ ಅವರಿಗೆ.

ತೊಂದರೆ ಒಂದೇ. ಟಿವಿಯ ಚಿತ್ರ ಇಂಟರ್ನೆಟ್ಟಿನಲ್ಲಿ ಸುತ್ತಿ ಬಳಸಿ ಬರುವುದರಿಂದ ರೇಡಿಯೊಗಿಂತ ಅರ್ಧ ನಿಮಿಷದಷ್ಟು ಹಿಂದೆ ಇರುತ್ತದೆ. ರೇಡಿಯೊದಲ್ಲಿ ಚೆಂಡು ಕೈಗೆ ಸಿಕ್ಕಾಗಿರುತ್ತದೆ. ಟಿವಿಯಲ್ಲಿ ಆಟಗಾರರು ಇನ್ನೂ ಸಾಲಾಗಿ ಬಾಗಿ ನಿಲ್ಲುತ್ತಿರುತ್ತಾರೆ. ಕಿವಿಗೆ ಗೊತ್ತಾದದ್ದು ಕಣ್ಣಿಗೆ ಕಾಣುವವರೆಗೆ ಆ ಕೋಣೆಯಲ್ಲಿ ಒಂದು ವಿಚಿತ್ರವಾದ ಮೌನ ಇರುತ್ತದೆ. ಇದನ್ನು ಸರಿಪಡಿಸುವ ಉಪಾಯ ನನಗೆ ಗೊತ್ತಿತ್ತು, ಹೇಳಿದೆ. ಅವರು ಬೇಡ ಎಂದರು. "ಕೆಟ್ಟ ಸುದ್ದಿ ಮೊದಲು ಕಿವಿಗೆ ಬೀಳಲಿ. ಆಮೇಲೆ ನೋಡುವುದಕ್ಕೆ ಧೈರ್ಯ ಬರುತ್ತದೆ."

2023ರ ಸೆಪ್ಟೆಂಬರ್‌ನಿಂದ 2024ರ ಜನವರಿಯವರೆಗಿನ ಲಯನ್ಸ್ ಪಂದ್ಯಗಳನ್ನು ನಾನು ಬಹುಪಾಲು ಆ ಕೋಣೆಯಲ್ಲೇ ನೋಡಿದೆ. ನನ್ನ ಜೊತೆ ಎಂಟು ವರ್ಷದ ಮಗಳು. ಅವಳು ಅವರನ್ನು ಅಜ್ಜ ಎಂದೇ ಕರೆಯುತ್ತಾಳೆ. ಆ ಪದದ ಅರ್ಥ ತಿಳಿದ ಮೇಲೆ ಬೇರೆ ಹೆಸರಿನಿಂದ ಕರೆಯಲು ಅವರೇ ಬಿಡಲಿಲ್ಲ. ಹಾಗಾಗಿ ಇಲ್ಲಿಯೂ ಅವರು ಅಜ್ಜನೇ.

ಅಜ್ಜ ಹುಟ್ಟಿದ್ದು 1950ರಲ್ಲಿ. ಡೆಟ್ರಾಯಿಟ್‌ನ ಜನಸಂಖ್ಯೆ ಹದಿನೆಂಟೂವರೆ ಲಕ್ಷ ತಲುಪಿ, ಅಲ್ಲಿಂದಾಚೆ ಇಳಿಯತೊಡಗಿದ್ದು ಅದೇ ಸುಮಾರಿಗೆ. ಕಾರ್ ಕಾರ್ಖಾನೆಯೊಂದರಲ್ಲಿ ಮೂವತ್ತನಾಲ್ಕು ವರ್ಷ ಅಚ್ಚು ತಯಾರಿಸುವ ಕೆಲಸ ಮಾಡಿ ನಿವೃತ್ತರಾದವರು. 1957ರ ಡಿಸೆಂಬರ್ 29ರಂದು ಬ್ರಿಗ್ಸ್ ಕ್ರೀಡಾಂಗಣದಲ್ಲಿ ಲಯನ್ಸ್ ತಂಡ ಕ್ಲೀವ್‌ಲ್ಯಾಂಡ್ ಬ್ರೌನ್ಸ್ ತಂಡವನ್ನು 59–14ರಿಂದ ಸೋಲಿಸಿ ಚಾಂಪಿಯನ್ ಆಯಿತು. ಆಗ ಅವರಿಗೆ ಏಳು ವರ್ಷ. ತವರಿನ ಪಂದ್ಯಗಳನ್ನು ಅದೇ ಊರಿನ ಟಿವಿಯಲ್ಲಿ ತೋರಿಸದ ಕಾಲ ಅದು. ತೋರಿಸಿದರೆ ಜನ ಟಿಕೆಟ್ ಕೊಳ್ಳುವುದಿಲ್ಲ ಎಂಬ ಭಯ ಮಾಲೀಕರಿಗೆ. ಅಪ್ಪನ ಪಕ್ಕದಲ್ಲಿ ಕುಳಿತು ರೇಡಿಯೊದಲ್ಲಿ ಕೇಳಿದ ಆ ಗೆಲುವು ಅವರ ಕಿವಿಯಲ್ಲಿ ಈಗಲೂ ಇದೆ. ಅದಾದ ಮೇಲೆ ಲಯನ್ಸ್ ಚಾಂಪಿಯನ್ ಆಗಲಿಲ್ಲ. ಸೂಪರ್ ಬೌಲ್ ಎಂಬ ಅಂತಿಮ ಪಂದ್ಯವೇ ಹುಟ್ಟಿದ್ದು ಆಮೇಲೆ. ಅದರ ಅಂಗಳಕ್ಕೆ ಈ ತಂಡ ಒಮ್ಮೆಯೂ ಕಾಲಿಟ್ಟಿಲ್ಲ.

1957ರಿಂದ 2023ರವರೆಗೆ ನಾಕ್‌ಔಟ್ ಹಂತದಲ್ಲಿ ಲಯನ್ಸ್ ಗೆದ್ದದ್ದು ಒಂದೇ ಒಂದು ಪಂದ್ಯ. 1992ರ ಜನವರಿ 5ರಂದು ಡಲ್ಲಾಸ್ ವಿರುದ್ಧ, 38–6. ಆ ತಂಡದಲ್ಲಿ ಬ್ಯಾರಿ ಸ್ಯಾಂಡರ್ಸ್ ಇದ್ದರು. ಹಿಡಿಯಲು ಬಂದವರ ಕೈಯಲ್ಲಿ ಬರೀ ಗಾಳಿ ಉಳಿಸಿ ಓಡುತ್ತಿದ್ದ ಆ ಮನುಷ್ಯ, ಓಟದ ಸಾರ್ವಕಾಲಿಕ ದಾಖಲೆ ಕೈಗೆಟಕುವ ದೂರದಲ್ಲಿರುವಾಗಲೇ, 1999ರಲ್ಲಿ ತಮ್ಮ ಹುಟ್ಟೂರಿನ ಪತ್ರಿಕೆಗೊಂದು ಫ್ಯಾಕ್ಸ್ ಕಳುಹಿಸಿ ಆಟ ನಿಲ್ಲಿಸಿಬಿಟ್ಟರು. ಸೋತು ಸೋತು ಆಡುವ ಆಸೆಯೇ ಬತ್ತಿಹೋಗಿತ್ತು. 2008ರಲ್ಲಿ ಹದಿನಾರು ಪಂದ್ಯ ಆಡಿ ಹದಿನಾರನ್ನೂ ಸೋತದ್ದು ಇದೇ ತಂಡ. ಹದಿನಾರು ಪಂದ್ಯಗಳ ಋತುವಿನಲ್ಲಿ ಹಾಗೆ ಬರಿಗೈಯಾದ ಮೊದಲ ತಂಡ. ತಲೆಮಾರುಗಳ ಕಾಲ ಕಪ್ಪಿಗಾಗಿ ಕಾಯುವ ಸಂಕಟವನ್ನು ಕನ್ನಡಿಗರಿಗೆ ಬಿಡಿಸಿ ಹೇಳಬೇಕಿಲ್ಲ.

ನಾನು ಮಿಷಿಗನ್‌ಗೆ ಬಂದದ್ದು 2013ರ ಬೇಸಿಗೆಯಲ್ಲಿ, ಡೆಟ್ರಾಯಿಟ್ ನಗರ ದಿವಾಳಿ ಅರ್ಜಿ ಹಾಕಿದ ತಿಂಗಳು. ಬೆಳೆದದ್ದು ಭದ್ರಾವತಿಯಲ್ಲಿ. ಕಾರ್ಖಾನೆಯ ಸೈರನ್ ಕೇಳಿ ಗಡಿಯಾರ ಸರಿಮಾಡಿಕೊಳ್ಳುವ ಊರು ಅದು. ಕಬ್ಬಿಣದ ಕುಲುಮೆ ಆರುತ್ತಾ ಬಂದರೆ ಹೋಟೆಲು, ಸೈಕಲ್ ಅಂಗಡಿ, ಶಾಲೆಯ ಹಾಜರಿ ಎಲ್ಲವೂ ಹೇಗೆ ಒಂದೊಂದಾಗಿ ಆರುತ್ತವೆ ಎಂಬುದನ್ನು ಕಣ್ಣಾರೆ ಕಂಡವನು ನಾನು. ಡೆಟ್ರಾಯಿಟ್‌ನ ಖಾಲಿ ಮನೆಗಳ ಬೀದಿಯಲ್ಲಿ ಮೊದಲ ಸಲ ಹಾದುಹೋದಾಗ ಅನ್ಯದೇಶದಲ್ಲಿದ್ದೇನೆ ಎಂದು ನನಗೆ ಅನ್ನಿಸಲಿಲ್ಲ. ಈ ಊರಿನವರು ಸೋಲುವ ತಂಡವನ್ನು ಯಾಕೆ ಬಿಡುವುದಿಲ್ಲ ಎಂದು ಸಹೋದ್ಯೋಗಿಗಳು ಅಚ್ಚರಿಪಡುತ್ತಿದ್ದರು. ನನಗೆ ಅದು ಮೊದಲ ವರ್ಷವೇ ಅರ್ಥವಾಗಿತ್ತು.

ಆಟ ಗೊತ್ತಿಲ್ಲದವರಿಗಾಗಿ ಒಂದೇ ಒಂದು ನಿಯಮ ಹೇಳುತ್ತೇನೆ, ಈ ಬರಹಕ್ಕೆ ಅಷ್ಟು ಸಾಕು. ಚೆಂಡು ಕೈಯಲ್ಲಿರುವ ತಂಡ ನಾಲ್ಕು ಅವಕಾಶಗಳೊಳಗೆ ಹತ್ತು ಗಜ ಮುಂದೆ ಸಾಗಬೇಕು. ಒಂದೊಂದು ಅವಕಾಶಕ್ಕೂ ಡೌನ್ ಎನ್ನುತ್ತಾರೆ. ಹತ್ತು ಗಜ ದಾಟಿದರೆ ಮತ್ತೆ ನಾಲ್ಕು ಅವಕಾಶ. ದಾಟದಿದ್ದರೆ ನಿಂತ ಜಾಗದಲ್ಲೇ ಚೆಂಡು ಎದುರಾಳಿಯ ಪಾಲು. ಹಾಗಾಗಿ ಮೂರು ಡೌನ್ ಮುಗಿದ ಮೇಲೆ ಬುದ್ಧಿವಂತರು ಕೈಚೆಲ್ಲುತ್ತಾರೆ. ಗೋಲಿನ ಕಂಬ ಹತ್ತಿರವಿದ್ದರೆ ಚೆಂಡನ್ನು ಅದರ ನಡುವೆ ಒದ್ದು ಮೂರು ಅಂಕ ತೆಗೆದುಕೊಳ್ಳುತ್ತಾರೆ, ದೂರವಿದ್ದರೆ ಎದುರಾಳಿಯ ಅಂಗಳದ ಮೂಲೆಗೆ ಒದ್ದು ಕಳುಹಿಸುತ್ತಾರೆ. ನಾಲ್ಕನೆಯ ಡೌನ್‌ನಲ್ಲೂ ಮುನ್ನುಗ್ಗುವುದೆಂದರೆ ಇರುವುದನ್ನೆಲ್ಲ ಪಣಕ್ಕಿಡುವುದು.

ಡ್ಯಾನ್ ಕ್ಯಾಂಪ್‌ಬೆಲ್ ಪಣಕ್ಕಿಡುವ ಮನುಷ್ಯ. 2021ರ ಜನವರಿಯಲ್ಲಿ ಮುಖ್ಯ ತರಬೇತುದಾರರಾಗಿ ಬಂದಾಗ, ನಮ್ಮನ್ನು ಕೆಡವಿದರೆ ಏಳುತ್ತೇವೆ, ಏಳುವಾಗ ಎದುರಿಗಿರುವವರ ಮೊಣಕಾಲ ಚಿಪ್ಪನ್ನು ಕಚ್ಚಿಕೊಂಡೇ ಏಳುತ್ತೇವೆ ಎಂಬರ್ಥದ ಮಾತಾಡಿದರು. ದೇಶವೇ ನಕ್ಕಿತು. ಅಜ್ಜ ನಗಲಿಲ್ಲ. ಯಾಕೆಂದರೆ ಹದಿನಾರಕ್ಕೆ ಹದಿನಾರು ಸೋತ 2008ರ ಆ ತಂಡದಲ್ಲಿ ಇದೇ ಕ್ಯಾಂಪ್‌ಬೆಲ್ ಆಟಗಾರರಾಗಿದ್ದರು. ಗಾಯಗೊಂಡು ಋತುವಿನ ಬಹುಪಾಲು ಹೊರಗೆ ಕುಳಿತು ಆ ಸೋಲುಗಳನ್ನು ನೋಡಿದ್ದರು. "ನಾವು ಕುಡಿದ ನೀರನ್ನೇ ಕುಡಿದವನು" ಎಂದಿದ್ದರು ಅಜ್ಜ. ಮೊದಲ ವರ್ಷ ಮೂರೇ ಗೆಲುವು. ಎರಡನೆಯ ವರ್ಷ ಮೊದಲ ಏಳು ಪಂದ್ಯಗಳಲ್ಲಿ ಆರು ಸೋಲು. ಆಮೇಲೆ ಹತ್ತರಲ್ಲಿ ಎಂಟು ಗೆದ್ದು 9–8ಕ್ಕೆ ಬಂದು ನಿಂತರು. ನಾಕ್‌ಔಟ್‌ಗೆ ಹೋಗುವ ದಾರಿ ಮುಚ್ಚಿದೆ ಎಂದು ಗೊತ್ತಿದ್ದೂ ಕೊನೆಯ ಪಂದ್ಯದಲ್ಲಿ ಗ್ರೀನ್ ಬೇ ತಂಡವನ್ನು ಅದರದೇ ಅಂಗಳದಲ್ಲಿ 20–16ರಿಂದ ಕೆಡವಿದರು.

ಇದರ ಹಿಂದೆ ಇನ್ನೊಂದು ಕತೆ ಇದೆ. ಮ್ಯಾಥ್ಯೂ ಸ್ಟಾಫರ್ಡ್ ಎಂಬ ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡು ಎಸೆದು ಆಟ ನಡೆಸುವ ಆಟಗಾರ, ಹನ್ನೆರಡು ವರ್ಷ ಇಲ್ಲಿ ಆಡಿದರು. ಕೈತುಂಬ ಪ್ರತಿಭೆ ಇದ್ದರೂ ಒಂದೂ ನಾಕ್‌ಔಟ್ ಗೆಲುವು ಕಾಣಲಿಲ್ಲ. 2021ರಲ್ಲಿ ಅವರನ್ನು ಲಾಸ್ ಏಂಜಲೀಸ್ ರ‍್ಯಾಮ್ಸ್ ತಂಡಕ್ಕೆ ಕೊಟ್ಟು ಬದಲಿಗೆ ಅಲ್ಲಿನ ಕ್ವಾರ್ಟರ್‌ಬ್ಯಾಕ್ ಜಾರೆಡ್ ಗಾಫ್ ಅವರನ್ನೂ, ಹೊಸ ಆಟಗಾರರನ್ನು ಆರಿಸಿಕೊಳ್ಳುವ ಕೆಲವು ಹಕ್ಕುಗಳನ್ನೂ ಪಡೆದರು. ಹೋದ ಮೊದಲ ವರ್ಷವೇ ಸ್ಟಾಫರ್ಡ್ ಸೂಪರ್ ಬೌಲ್ ಗೆದ್ದರು. ಗಾಫ್ ಮಾತ್ರ ತಮ್ಮ ತಂಡಕ್ಕೇ ಬೇಡವಾಗಿ, ವ್ಯಾಪಾರದ ತಕ್ಕಡಿಯಲ್ಲಿ ತೂಕ ಸರಿದೂಗಿಸುವ ಬಟ್ಟಿನಂತೆ ಇಲ್ಲಿಗೆ ಬಂದರು. ಆ ಹಕ್ಕುಗಳನ್ನು ಬಳಸಿ ವ್ಯವಸ್ಥಾಪಕ ಬ್ರ್ಯಾಡ್ ಹೋಮ್ಸ್ ಹುಡುಗರನ್ನು ಕಲೆಹಾಕತೊಡಗಿದರು. ಅವರು ಆರಿಸಿದವರಲ್ಲಿ ನನ್ನ ಮಗಳ ಮೆಚ್ಚಿನವರು 14ನೇ ಅಂಗಿಯ ಅಮನ್-ರಾ ಸೇಂಟ್ ಬ್ರೌನ್. ಆಯ್ಕೆಯಲ್ಲಿ 112ನೆಯವರಾಗಿ ಉಳಿದಿದ್ದ ಅವರು, ತಮಗಿಂತ ಮೊದಲು ಆಯ್ಕೆಯಾದ ತಮ್ಮದೇ ಜಾಗದ ಹದಿನಾರು ಆಟಗಾರರ ಹೆಸರನ್ನೂ ಇಂದಿಗೂ ಬಾಯಿಪಾಠ ಒಪ್ಪಿಸುತ್ತಾರೆ. ಮಗಳು ಮಗ್ಗಿ ಹೇಳುವಾಗಲೆಲ್ಲ ನನಗೆ ಅದು ನೆನಪಾಗುತ್ತದೆ.

2023ರ ಸೆಪ್ಟೆಂಬರ್ 7. ಋತುವಿನ ಮೊಟ್ಟಮೊದಲ ಪಂದ್ಯ, ಹಿಂದಿನ ವರ್ಷದ ಚಾಂಪಿಯನ್ ಕಾನ್ಸಾಸ್ ಸಿಟಿ ಚೀಫ್ಸ್ ವಿರುದ್ಧ, ಅವರದೇ ಅಂಗಳದಲ್ಲಿ. ಇನ್ನೂ ಯಾರಿಗೂ ಅಂಕ ಬಂದಿರಲಿಲ್ಲ. ಲಯನ್ಸ್ ತಮ್ಮದೇ ಗೆರೆಯಿಂದ ಹದಿನೇಳು ಗಜದಲ್ಲಿ, ನಾಲ್ಕನೆಯ ಡೌನ್, ಎರಡು ಗಜ ಬೇಕು. ಅಂಥ ಜಾಗದಲ್ಲಿ ಚೆಂಡು ಕಳೆದುಕೊಂಡರೆ ಮನೆಯ ಕೀಲಿಕೈಯನ್ನೇ ಕೊಟ್ಟಂತೆ. ಒದೆಯುವವರು ಸಾಲಾಗಿ ನಿಂತರು. ಅಜ್ಜ ಕಾಫಿ ಲೋಟ ತುಂಬಿಸಲು ಎದ್ದಿದ್ದರು. ರೇಡಿಯೊದಲ್ಲಿ ಡ್ಯಾನ್ ಮಿಲ್ಲರ್ ದನಿ ಏರಿತು: ಒದೆಯಲೇ ಇಲ್ಲ! ಚೆಂಡು ನೇರವಾಗಿ ನಡುವೆ ನಿಂತಿದ್ದ ಜೇಲನ್ ರೀವ್ಸ್-ಮೇಬಿನ್ ಕೈಗೆ ಹೋಗಿತ್ತು. ಅವರು ಮೂರು ಗಜ ನುಗ್ಗಿದ್ದರು. ಅಜ್ಜ ಲೋಟ ಹಿಡಿದೇ ನಿಂತು ಟಿವಿಯತ್ತ ನೋಡಿದರು. ಅಲ್ಲಿ ಆಟಗಾರರು ಆಗಷ್ಟೇ ಮೈದಾನಕ್ಕೆ ನಡೆದು ಬರುತ್ತಿದ್ದರು. ಏನಾಗಲಿದೆ ಎಂದು ಗೊತ್ತಿದ್ದೂ ನಾವು ಮೂವರು ಉಸಿರು ಬಿಗಿಹಿಡಿದು ನೋಡಿದೆವು. ಆ ದಂಡಯಾತ್ರೆ ಒಟ್ಟು 91 ಗಜ ಸಾಗಿ, ಸೇಂಟ್ ಬ್ರೌನ್ ಚೆಂಡನ್ನು ಎದುರಾಳಿಯ ಕೊನೆಯ ಗೆರೆ ದಾಟಿಸಿದ ಟಚ್‌ಡೌನ್‌ನಲ್ಲಿ ಮುಗಿಯಿತು. ಮೂರನೆಯ ಕ್ವಾರ್ಟರ್‌ನಲ್ಲಿ, ಮೊದಲ ಪಂದ್ಯ ಆಡುತ್ತಿದ್ದ ಬ್ರಯನ್ ಬ್ರಾಂಚ್ ಎದುರಾಳಿಯ ಕೈಜಾರಿದ ಚೆಂಡನ್ನು ಹಿಡಿದು ಐವತ್ತು ಗಜ ಓಡಿದರು. 21–20. ಕಾನ್ಸಾಸ್ ಸಿಟಿ ಪರ ಟ್ರಾವಿಸ್ ಕೆಲ್ಸಿ ಆಡಿರಲಿಲ್ಲ, ಕ್ರಿಸ್ ಜೋನ್ಸ್ ಕೂಡ ಇರಲಿಲ್ಲ ಎಂಬುದು ನಿಜ. ಆದರೂ ಗೆಲುವು ಗೆಲುವೇ.

ಒಂದು ವಾರ ಕಳೆಯಿತು. ಸೆಪ್ಟೆಂಬರ್ 15ರ ಮಧ್ಯರಾತ್ರಿ ಕಾರ್ ಕಾರ್ಮಿಕರ ಸಂಘ ಫೋರ್ಡ್, ಜನರಲ್ ಮೋಟಾರ್ಸ್, ಸ್ಟೆಲಾಂಟಿಸ್ ಮೂರರ ವಿರುದ್ಧವೂ ಏಕಕಾಲಕ್ಕೆ ಮುಷ್ಕರ ಹೂಡಿತು. ಸಂಘದ ಚರಿತ್ರೆಯಲ್ಲೇ ಹಾಗಾದದ್ದು ಮೊದಲ ಸಲ. ಆರಂಭದಲ್ಲಿ ಕೆಲಸ ನಿಂತ ಮೂರು ಕಾರ್ಖಾನೆಗಳಲ್ಲಿ ಒಂದು ಡೆಟ್ರಾಯಿಟ್‌ಗೆ ಹತ್ತಿರದ ವೇನ್ ಊರಿನ ಫೋರ್ಡ್ ಕಾರ್ಖಾನೆ. ಅಧ್ಯಕ್ಷ ಬೈಡನ್ ಮಿಷಿಗನ್‌ಗೆ ಬಂದು ಮುಷ್ಕರ ನಿರತರ ಜೊತೆ ನಿಂತರು. ಅಜ್ಜನ ಮಗನೂ ಒಂದು ಕಾರ್ಖಾನೆಯ ಗೇಟಿನ ಮುಂದೆ ಫಲಕ ಹಿಡಿದು ನಿಂತಿದ್ದ. ನಮ್ಮಂಥ ಬಿಡಿಭಾಗ ತಯಾರಿಸುವ ಕಂಪನಿಗಳಲ್ಲಿ ಆರ್ಡರುಗಳು ಒಂದೊಂದಾಗಿ ನಿಲ್ಲುತ್ತಿದ್ದವು. ಕ್ಯಾಂಟೀನಿನಲ್ಲಿ ಜನ ತಗ್ಗಿದ ದನಿಯಲ್ಲಿ ಮಾತಾಡುತ್ತಿದ್ದರು.

ಲಯನ್ಸ್ ತಂಡದ ಒಡೆತನ ಯಾರದು? ಫೋರ್ಡ್ ಕುಟುಂಬದ್ದು. ಹೆನ್ರಿ ಫೋರ್ಡ್ ಅವರ ಮೊಮ್ಮಗ ವಿಲಿಯಂ ಕ್ಲೇ ಫೋರ್ಡ್ 1963ರಲ್ಲಿ ತಂಡವನ್ನು ಕೊಂಡರು. ಈಗ ಅವರ ಮಗಳು ಶೀಲಾ ಫೋರ್ಡ್ ಹ್ಯಾಂಪ್ ಒಡತಿ. ತಂಡದ ಕ್ರೀಡಾಂಗಣದ ಹೆಸರೇ ಫೋರ್ಡ್ ಫೀಲ್ಡ್. ಶನಿವಾರ ಮಗನಿದ್ದ ಗೇಟಿಗೆ ಸೂಪಿನ ಪಾತ್ರೆ ಒಯ್ಯುತ್ತಿದ್ದ ಅಜ್ಜ, ಭಾನುವಾರ ಕಾರ್ ಕಂಪನಿಯ ವಂಶದವರ ತಂಡಕ್ಕಾಗಿ ಪ್ರಾಣ ಬಿಡುತ್ತಿದ್ದರು. ಇದು ಹೇಗೆ ಎಂದು ಕೇಳಿದೆ. ತಮ್ಮ ಎರಡೂ ಅಂಗೈಗಳನ್ನು ನೋಡಿಕೊಂಡು ಹೇಳಿದರು: "ಕಾರ್ಖಾನೆಯೂ ಅವರದೇ ಎಂದು ಕಾಗದದಲ್ಲಿದೆ. ಅಚ್ಚು ಮಾಡಿದ್ದು ಯಾರು?" ಆ ಮಾತಿಗೆ ಪ್ರತಿಯಾಗಿ ಹೇಳುವಂಥದ್ದು ನನ್ನ ಬಳಿ ಏನೂ ಇರಲಿಲ್ಲ, ಇವತ್ತೂ ಇಲ್ಲ.

ಅಕ್ಟೋಬರ್ 22ರಂದು ಬಾಲ್ಟಿಮೋರ್‌ನಲ್ಲಿ ಲಯನ್ಸ್ 38–6ರಿಂದ ನೆಲಕಚ್ಚಿತು. ಮರುದಿನ ನಮ್ಮ ಮನೆಯಲ್ಲಿ ಆಯುಧಪೂಜೆ. ಅಜ್ಜನನ್ನು ಕರೆದಿದ್ದೆವು. ಪೂಜೆ ಯಾವುದಕ್ಕೆ ಎಂದು ಮಗಳು ಮೊದಲೇ ಹೇಳಿದ್ದಳೆಂದು ಕಾಣುತ್ತದೆ. ಕೋಟಿನ ಜೇಬಿನಿಂದ ಒಂದು ಮರದ ಡಬ್ಬಿ ತೆಗೆದರು. ಒಳಗೆ, ಹಸಿರು ಬಟ್ಟೆಯ ಗುಳಿಯಲ್ಲಿ, ಒಂದು ಮೈಕ್ರೋಮೀಟರ್. ಬೆರಳು ತಾಗುವ ಕಡೆ ಉಕ್ಕಿನ ಮೇಲಿನ ಗೆರೆಗಳು ಸವೆದು ನುಣ್ಣಗಾಗಿದ್ದವು. ನನ್ನ ಹೆಂಡತಿ ಅದಕ್ಕೆ ಕುಂಕುಮ ಇಟ್ಟು, ಸ್ಪ್ಯಾನರ್ ಮತ್ತು ಲ್ಯಾಪ್‌ಟಾಪಿನ ಪಕ್ಕ ಇರಿಸಿದಳು. ಆರತಿ ಮುಗಿಯುವವರೆಗೂ ಅವರು ಟೋಪಿ ತೆಗೆದು ನಿಂತಿದ್ದರು. ಎರಡು ದಿನದಲ್ಲಿ ಫೋರ್ಡ್ ಜೊತೆ ಸಂಘದ ಒಪ್ಪಂದ ಕುದುರಿತು, ಶೇ 25ರ ವೇತನ ಏರಿಕೆಯೊಂದಿಗೆ. ಉಳಿದ ಎರಡೂ ಕಂಪನಿಗಳು ಆ ತಿಂಗಳ ಕೊನೆಯೊಳಗೆ ಅದೇ ದಾರಿ ಹಿಡಿದವು.

ಶರತ್ಕಾಲದ ಗೆಲುವುಗಳನ್ನೆಲ್ಲ ಬರೆಯುತ್ತಾ ಹೋಗುವುದಿಲ್ಲ. ಒಂದನ್ನು ಮಾತ್ರ ಬಿಡಲಾಗದು. ನವೆಂಬರ್ 12, ಕ್ಯಾಲಿಫೋರ್ನಿಯಾದಲ್ಲಿ ಚಾರ್ಜರ್ಸ್ ವಿರುದ್ಧ, 38–38. ಎರಡು ನಿಮಿಷವೂ ಉಳಿದಿಲ್ಲ. ಎದುರಾಳಿಯ 26 ಗಜದ ಗೆರೆ, ನಾಲ್ಕನೆಯ ಡೌನ್, ಎರಡು ಗಜ ಬೇಕು. ಒದ್ದರೆ ಮೂರು ಅಂಕದ ಮುನ್ನಡೆ; ಆದರೆ ಎದುರಾಳಿಗೆ ಚೆಂಡೂ ಸಿಗುತ್ತದೆ, ಸಮಯವೂ ಸಿಗುತ್ತದೆ. ಕ್ಯಾಂಪ್‌ಬೆಲ್ ಒದೆಯಲಿಲ್ಲ. ಗಾಫ್ ಎಸೆದರು, ಆ ವರ್ಷವಷ್ಟೇ ತಂಡಕ್ಕೆ ಬಂದಿದ್ದ ಸ್ಯಾಮ್ ಲಪೋರ್ಟಾ ಹಿಡಿದರು. ಗಡಿಯಾರವನ್ನು ಕೊನೆಯವರೆಗೆ ಓಡಿಸಿ, ಕಟ್ಟಕಡೆಯ ಒದೆತದಲ್ಲಿ 41–38. ದೇಶದ ಪತ್ರಿಕೆಗಳು ಧೀರ, ಛಲಗಾರ ಎಂದು ಬರೆದವು. ಈ ಡೌನನ್ನು ನೆನಪಿಟ್ಟುಕೊಳ್ಳಿ.

ಥ್ಯಾಂಕ್ಸ್‌ಗಿವಿಂಗ್ ದಿನ ಡೆಟ್ರಾಯಿಟ್‌ನಲ್ಲಿ ಪಂದ್ಯ ನಡೆಯುವುದು 1934ರಲ್ಲಿ ಶುರುವಾದ ಪದ್ಧತಿ. ಟರ್ಕಿ ಕೋಳಿಯಷ್ಟೇ ಖಾಯಂ. ಆ ವರ್ಷ ಗ್ರೀನ್ ಬೇ ಎದುರು ಸೋತರು. ಡಿಸೆಂಬರ್ 24ರಂದು ಮಿನಿಯಾಪೊಲಿಸ್‌ನಲ್ಲಿ ವೈಕಿಂಗ್ಸ್ ತಂಡವನ್ನು 30–24ರಿಂದ ಸೋಲಿಸಿ ತಮ್ಮ ವಿಭಾಗದ ಪ್ರಶಸ್ತಿ ಗೆದ್ದರು, ಮೂವತ್ತು ವರ್ಷಗಳ ನಂತರ. ಅಜ್ಜ ಎದ್ದು ಹೋಗಿ ಹಿತ್ತಲ ಬಾಗಿಲು ತೆರೆದು ಚಳಿಯಲ್ಲಿ ಸುಮ್ಮನೆ ನಿಂತರು. ಮಗಳು ಅವರ ಕೋಟು ಒಯ್ದು ಕೊಟ್ಟಳು.

ಆರು ದಿನಗಳ ನಂತರ ಡಲ್ಲಾಸ್. ಕೊನೆಯ 23 ಸೆಕೆಂಡು ಉಳಿದಿರುವಾಗ ಟಚ್‌ಡೌನ್ ಹೊಡೆದು 20–19ಕ್ಕೆ ಬಂದರು. ಟಚ್‌ಡೌನ್ ಆದ ಮೇಲೆ ಚೆಂಡು ಒದ್ದು ಒಂದು ಅಂಕ ಪಡೆದು ಸಮ ಮಾಡಿಕೊಳ್ಳಬಹುದಿತ್ತು, ಮತ್ತೊಮ್ಮೆ ಗೆರೆ ದಾಟಿ ಎರಡು ಅಂಕ ಪಡೆಯಲು ಹೋದರು. 68ನೇ ಅಂಗಿಯ ಟೇಲರ್ ಡೆಕರ್ ಚೆಂಡು ಹಿಡಿದೇಬಿಟ್ಟರು. ಡೆಕರ್ ಅವರಂಥ, ಕ್ವಾರ್ಟರ್‌ಬ್ಯಾಕ್‌ಗೆ ಕಾವಲು ನಿಲ್ಲುವ ಮುಂಸಾಲಿನ ಆಟಗಾರ ಚೆಂಡು ಹಿಡಿಯಬೇಕಾದರೆ ಮುಂಚಿತವಾಗಿ ರೆಫರಿ ಬಳಿ ಹೋಗಿ ಹೇಳಿಕೊಳ್ಳಬೇಕು. ಹೇಳಿದ್ದು 70ನೇ ಅಂಗಿಯವನು, 68 ಅಲ್ಲ ಎಂದು ರೆಫರಿ ಅಂಕ ಕಿತ್ತುಕೊಂಡರು. ನಾನು ಆ ದೃಶ್ಯವನ್ನು ಮತ್ತೆ ಮತ್ತೆ ನೋಡಿದ್ದೇನೆ. ಡೆಕರ್ ರೆಫರಿ ಬಳಿ ನಡೆದು ಹೋದದ್ದು ಕಣ್ಣಿಗೆ ಕಾಣುತ್ತದೆ. ನನ್ನ ಮಟ್ಟಿಗೆ ಅದು ಅನ್ಯಾಯ. ಅಂತಿಮ ಲೆಕ್ಕ 12 ಗೆಲುವು, 5 ಸೋಲು.

ಮೊದಲ ನಾಕ್‌ಔಟ್ ಪಂದ್ಯ ಜನವರಿ 14ರ ರಾತ್ರಿ, ಫೋರ್ಡ್ ಫೀಲ್ಡ್‌ನಲ್ಲಿ. ಎದುರಾಳಿ ರ‍್ಯಾಮ್ಸ್. ಅಂದರೆ ಸ್ಟಾಫರ್ಡ್. ಯಾರೂ ಹೆಣೆದದ್ದಲ್ಲ, ಪಟ್ಟಿ ಹಾಗೆ ಬಂದು ಕೂಡಿತು. ಮರುದಿನ ಸಂಕ್ರಾಂತಿ. ಹೊರಗೆ ಮೂಳೆ ಕೊರೆಯುವ ಚಳಿ. ಹೆಂಡತಿ ಊರಿನಿಂದ ತಂದಿದ್ದ ಅಚ್ಚಿನಲ್ಲಿ ಸಕ್ಕರೆ ಅಚ್ಚು ತೆಗೆದಿದ್ದಳು. ಎಳ್ಳು, ಬೆಲ್ಲ, ಕೊಬ್ಬರಿ, ಹುರಿಗಡಲೆ ಕಲಸಿದ ಡಬ್ಬಿಯನ್ನು ಒಂದು ದಿನ ಮುಂಚೆಯೇ ಅಜ್ಜನ ಮನೆಗೆ ಒಯ್ದೆವು. ಸಕ್ಕರೆ ಅಚ್ಚುಗಳಲ್ಲಿ ಒಂದು ಸಿಂಹದ್ದಿತ್ತು. ಅಚ್ಚು ಕೆಲಸದಲ್ಲಿ ಜೀವ ಸವೆಸಿದ ಮನುಷ್ಯ ಅದನ್ನು ಬೆಳಕಿಗೆ ಹಿಡಿದು ತಿರುಗಿಸಿ, ಎರಡು ಅರ್ಧಗಳು ಕೂಡಿದ ಗೆರೆಯ ಮೇಲೆ ಉಗುರು ಆಡಿಸಿ, "ಒಳ್ಳೆಯ ಕೆಲಸ" ಎಂದರು. ತಿನ್ನದೆ ರೇಡಿಯೊದ ಮೇಲೆ ಇಟ್ಟರು.

ಪಂದ್ಯಕ್ಕೂ ಮೊದಲೇ ಇಡೀ ಕ್ರೀಡಾಂಗಣ ಜಾರೆಡ್ ಗಾಫ್ ಎಂದು ಒಕ್ಕೊರಲಿನಿಂದ ಕೂಗತೊಡಗಿತ್ತು. ಹನ್ನೆರಡು ವರ್ಷ ಹೊತ್ತು ಮೆರೆಸಿದ ಸ್ಟಾಫರ್ಡ್ ಮೈದಾನಕ್ಕೆ ಬಂದಾಗ ಅದೇ ಜನ ಛೀಮಾರಿ ಹಾಕಿದರು. ನನಗೆ ಅದು ಹಿಡಿಸಲಿಲ್ಲ. ಅಜ್ಜನಿಗೂ ಹಿಡಿಸಲಿಲ್ಲ. ಸ್ಟಾಫರ್ಡ್ ಅವತ್ತು ಅದ್ಭುತವಾಗಿ ಆಡಿದರು, ಮುಖಕ್ಕೆ ಪೆಟ್ಟು ಬಿದ್ದರೂ 367 ಗಜ ಎಸೆದರು. ಗಾಫ್ ತಪ್ಪು ಮಾಡಲಿಲ್ಲ, ಅಷ್ಟೇ: 27 ಎಸೆತಗಳಲ್ಲಿ 22 ಗುರಿ ಮುಟ್ಟಿದವು. 24–23. ಕೊನೆಗೆ ಸೇಂಟ್ ಬ್ರೌನ್ ಒಂದು ಚೆಂಡು ಹಿಡಿದರೆ ಎಲ್ಲ ಮುಗಿಯುತ್ತದೆ ಎಂಬ ಗಳಿಗೆ. ರೇಡಿಯೊ ಹೇಳಿತು. ಅಜ್ಜ ಕಣ್ಣು ಮುಚ್ಚಿಕೊಂಡರು, ಟಿವಿಯಲ್ಲಿ ಆ ಚೆಂಡು ಹಾರಿ ಕೈಸೇರುವವರೆಗೂ ತೆರೆಯಲಿಲ್ಲ. ಮೂವತ್ತೆರಡು ವರ್ಷ. ನಡುವೆ ಒಂಬತ್ತು ನಾಕ್‌ಔಟ್ ಸೋಲು. ಆಟಗಾರರ ಕೋಣೆಯಲ್ಲಿ ಕ್ಯಾಂಪ್‌ಬೆಲ್ ಪಂದ್ಯದ ಚೆಂಡನ್ನು ಗಾಫ್ ಕೈಗೆ ಕೊಟ್ಟು, ಡೆಟ್ರಾಯಿಟ್‌ಗೆ ನೀನು ಸಾಕು ಎಂಬ ಮಾತು ಹೇಳಿದ್ದನ್ನು ಮರುದಿನ ಮೊಬೈಲಿನಲ್ಲಿ ಅಜ್ಜನಿಗೆ ತೋರಿಸಿದೆ. ಯಾರಿಗೂ ಬೇಡವಾದ ಊರು, ಯಾರಿಗೂ ಬೇಡವಾದ ಆಟಗಾರನಿಗೆ ಹೇಳಿದ ಮಾತು ಅದು. ಎರಡು ಸಲ ಹಾಕಿಸಿ ನೋಡಿದರು.

ಮುಂದಿನ ವಾರ ಟ್ಯಾಂಪಾ ಬೇ ತಂಡವನ್ನು 31–23ರಿಂದ ಗೆದ್ದರು. ಸೂಪರ್ ಬೌಲ್‌ಗೆ ಒಂದೇ ಮೆಟ್ಟಿಲು.

ಜನವರಿ 28, ಸ್ಯಾನ್ ಫ್ರಾನ್ಸಿಸ್ಕೊ ತಂಡದ ಅಂಗಳ. ಅರ್ಧ ಪಂದ್ಯ ಮುಗಿದಾಗ ಲಯನ್ಸ್ 24, ಅವರು 7. ಅಜ್ಜ ಊಟದ ತಟ್ಟೆ ಮುಟ್ಟಿರಲಿಲ್ಲ. ವಿರಾಮದಲ್ಲಿ ಅಲಮಾರಿನಿಂದ ತಮ್ಮ ಅಪ್ಪನ ಫೋಟೊ ತಂದು ಟಿವಿಯ ಪಕ್ಕ ನಿಲ್ಲಿಸಿದರು. ಯಾರೂ ಏನೂ ಮಾತಾಡಲಿಲ್ಲ.

ಮೂರನೆಯ ಕ್ವಾರ್ಟರ್. 24–10. ಎದುರಾಳಿಯ 28 ಗಜದ ಗೆರೆ, ನಾಲ್ಕನೆಯ ಡೌನ್, ಎರಡು ಗಜ ಬೇಕು. ಚಾರ್ಜರ್ಸ್ ಪಂದ್ಯದ್ದೇ ಪರಿಸ್ಥಿತಿ, ಹೆಚ್ಚುಕಡಿಮೆ ಅದೇ ಜಾಗ. ಕ್ಯಾಂಪ್‌ಬೆಲ್ ಮುನ್ನುಗ್ಗಿದರು. ಗಾಫ್ ಎಸೆದ ಚೆಂಡು ಜಾಶ್ ರೆನಾಲ್ಡ್ಸ್ ಅವರ ಕೈಗೇ ಬಂತು, ಕೈಯಿಂದ ಜಾರಿತು. ಕೆಲವೇ ಕ್ಷಣಗಳಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಬ್ರಾಕ್ ಪರ್ಡಿ ದೂರಕ್ಕೊಂದು ಚೆಂಡು ಎಸೆದರು. ಲಯನ್ಸ್‌ನ ಕಿಂಡಲ್ ವಿಲ್ಡರ್ ಅದರ ಮುಂದೆಯೇ ಇದ್ದರು. ರೇಡಿಯೊದಲ್ಲಿ ಒಂದು ಉದ್ಗಾರ, ಆಮೇಲೆ ನಂಬಲಾಗದ ದನಿಯಲ್ಲಿ, ಬ್ರ್ಯಾಂಡನ್ ಐಯುಕ್ ಹಿಡಿದರು ಎಂಬ ಮಾತು. ಟಿವಿಯಲ್ಲಿ ಚೆಂಡು ಇನ್ನೂ ಪರ್ಡಿಯ ಕೈಯಲ್ಲೇ ಇತ್ತು. ನಾನು ಅಜ್ಜನನ್ನು ನೋಡಿದೆ. ಅವರು ಪರದೆಯನ್ನೇ ನೋಡುತ್ತಿದ್ದರು, ಈ ಒಂದು ಸಲವಾದರೂ ಚಿತ್ರ ಮಾತಿಗಿಂತ ಬೇರೆಯಾಗಿ ಬಂದೀತೆಂಬಂತೆ. ಚೆಂಡು ಹಾರಿತು, ವಿಲ್ಡರ್ ಅವರ ಹೆಲ್ಮೆಟ್ಟಿನ ಮುಂಭಾಗಕ್ಕೆ ಬಡಿಯಿತು, ಪುಟಿದು ಮೇಲೆದ್ದಿತು, ಐಯುಕ್ ಮುಂದಕ್ಕೆ ಬಾಗಿ ಹಿಡಿದರು. 51 ಗಜ. ಅದರ ಬೆನ್ನಿಗೇ ಟಚ್‌ಡೌನ್. ಮರು ಆಟದಲ್ಲೇ ಜಾಮೀರ್ ಗಿಬ್ಸ್ ಕೈಯಿಂದ ಚೆಂಡು ಬಿತ್ತು. ಇನ್ನೊಂದು ಟಚ್‌ಡೌನ್. 24–24.

ಕೊನೆಯ ಕ್ವಾರ್ಟರ್‌ನಲ್ಲಿ 27–24ರ ಹಿನ್ನಡೆ. ಏಳೂವರೆ ನಿಮಿಷ ಉಳಿದಿದೆ. 30 ಗಜದ ಗೆರೆ, ನಾಲ್ಕನೆಯ ಡೌನ್, ಮೂರು ಗಜ. ಒದ್ದು ಸಮ ಮಾಡಿಕೊಳ್ಳಬಹುದು. ಮತ್ತೆ ಮುನ್ನುಗ್ಗಿದರು, ಮತ್ತೆ ಕೈತಪ್ಪಿತು. ಅಂತಿಮವಾಗಿ 34–31.

ಸೋಮವಾರ ಕಚೇರಿಯಲ್ಲಿ ಎಲ್ಲರೂ ಲೆಕ್ಕಿಗರಾಗಿದ್ದರು. ಎರಡು ಸಲ ಒದ್ದಿದ್ದರೆ ಆರು ಅಂಕ, ಸೋತದ್ದು ಮೂರರಿಂದ. ಕೂಡಿ ಕಳೆಯಲು ಮೂರನೇ ಕ್ಲಾಸಿನ ಗಣಿತ ಸಾಕು. ನಾನು ಈ ಲೆಕ್ಕವನ್ನು ಅಂದೂ ಒಪ್ಪಲಿಲ್ಲ, ಇಂದೂ ಒಪ್ಪುವುದಿಲ್ಲ. 46 ಗಜ, 48 ಗಜದ ಒದೆತಗಳು ಜೇಬಿನಲ್ಲಿರುವ ದುಡ್ಡಲ್ಲ. ಒದೆಯಬೇಕಿದ್ದವರು ಡಿಸೆಂಬರ್‌ನಲ್ಲಷ್ಟೇ ಆ ಹೊಣೆ ಹೊತ್ತವರು. ಮೊದಲ ಸಲ ಚೆಂಡು ಕೈಗೇ ಬಂದಿತ್ತು. ಅದು ನಿರ್ಧಾರದ ತಪ್ಪಲ್ಲ. ಎರಡನೆಯದರ ಬಗ್ಗೆ ಮಾತ್ರ ನನ್ನ ಮನಸ್ಸಿನಲ್ಲಿ ಒಂದು ಎಳೆ ಅನುಮಾನ ಉಳಿದಿದೆ. ಏಳೂವರೆ ನಿಮಿಷ ಸಣ್ಣ ಸಮಯವಲ್ಲ, ಆಗ ಸಮ ಮಾಡಿಕೊಂಡು ಉಸಿರು ತೆಗೆದುಕೊಳ್ಳಬಹುದಿತ್ತೇನೋ. ಆದರೆ ನವೆಂಬರ್‌ನಲ್ಲಿ ಧೀರ ಎಂದವರೇ ಜನವರಿಯಲ್ಲಿ ಮೂರ್ಖ ಎಂದದ್ದನ್ನು ಕ್ಷಮಿಸಲಾರೆ. ಕಾನ್ಸಾಸ್ ಸಿಟಿಯಲ್ಲಿ ಹದಿನೇಳು ಗಜದ ಗೆರೆಯಿಂದ ನುಗ್ಗದ ತಂಡ ಸ್ಯಾನ್ ಫ್ರಾನ್ಸಿಸ್ಕೊ ತಲುಪುತ್ತಲೇ ಇರಲಿಲ್ಲ. ಆ ಹುಡುಗರಿಗೆ ಕ್ಯಾಂಪ್‌ಬೆಲ್ ಮೂರು ವರ್ಷ ಕಲಿಸಿದ್ದು ಒಂದೇ: ನಿಮ್ಮಿಂದ ಎರಡು ಗಜ ಆಗುತ್ತದೆ ಎಂದು ನಾನು ನಂಬುತ್ತೇನೆ. ದೊಡ್ಡ ರಾತ್ರಿ ಬಂದಾಗ ಆ ನಂಬಿಕೆಯನ್ನು ಹಿಂದಕ್ಕೆ ಪಡೆದಿದ್ದರೆ ಅವರ ಮುಖ ನೋಡುವುದು ಹೇಗೆ? ನಾನು ಎಂಜಿನಿಯರ್. ಒಂದು ಸಲ ಮುರಿದ ಭಾಗ ಕೆಟ್ಟ ವಿನ್ಯಾಸದ್ದೇ ಆಗಿರಬೇಕಿಲ್ಲ ಎಂಬುದನ್ನು ಪರೀಕ್ಷಾ ಕೊಠಡಿಯಲ್ಲಿ ದಿನವೂ ನೋಡುತ್ತೇನೆ.

ಅವತ್ತು ರಾತ್ರಿ ಪಂದ್ಯ ಮುಗಿದ ಮೇಲೂ ಅಜ್ಜ ರೇಡಿಯೊ ಆರಿಸಲಿಲ್ಲ. ಕ್ಯಾಂಪ್‌ಬೆಲ್ ಸುದ್ದಿಗಾರರ ಮುಂದೆ ಬಂದರು. ನಿರ್ಧಾರಗಳ ಬಗ್ಗೆ ಪಶ್ಚಾತ್ತಾಪವಿಲ್ಲ ಎಂದರು, ಬೈಯುವವರು ಬೈಯುತ್ತಾರೆ ಎಂದು ಗೊತ್ತು ಎಂದರು. ಆಮೇಲೆ, ಇದೇ ನಮಗೆ ಸಿಕ್ಕ ಏಕೈಕ ಅವಕಾಶವಾಗಿದ್ದಿರಬಹುದು ಎಂದು ಆಟಗಾರರಿಗೆ ಹೇಳಿದ್ದನ್ನು ತಿಳಿಸಿದರು. ತಾವು ಹಾಗೆ ನಂಬುವುದಿಲ್ಲ, ಆದರೆ ಮತ್ತೆ ಇಲ್ಲಿಗೆ ಬರುವುದು ಇದರ ಎರಡು ಪಟ್ಟು ಕಷ್ಟ ಎಂದರು. ಅದು ಎಷ್ಟು ನಿಜ ಎಂಬುದು ಮರುವರ್ಷ ಗೊತ್ತಾಯಿತು. ಹದಿನೇಳರಲ್ಲಿ ಹದಿನೈದು ಗೆದ್ದ ತಂಡ ತನ್ನದೇ ಅಂಗಳದಲ್ಲಿ ವಾಷಿಂಗ್ಟನ್‌ಗೆ 45–31ರಿಂದ ಶರಣಾಗಿ ನಾಕ್‌ಔಟ್‌ನ ಮೊದಲ ಪಂದ್ಯದಲ್ಲೇ ಹೊರಬಿತ್ತು.

ಅಜ್ಜ ಆ ಮಾತನ್ನು ಕೇಳಿ ಬಹಳ ಹೊತ್ತು ಸುಮ್ಮನಿದ್ದರು. "ನನ್ನ ಅಪ್ಪನಿಗೆ ಹೀಗೆ ನಿಜ ಹೇಳುವವರು ಯಾರೂ ಇರಲಿಲ್ಲ" ಎಂದರು. ಫೋಟೊವನ್ನು ಎತ್ತಿ, ಗಾಜನ್ನು ಅಂಗಿಯ ತೋಳಿನಿಂದ ಒರೆಸಿ, ಅಲಮಾರಿಗೆ ಮರಳಿಸಲು ಎದ್ದರು.

ಮಗಳು 14ನೇ ನಂಬರಿನ ಅಂಗಿಯಲ್ಲೇ ಸೋಫಾದ ಮೇಲೆ ನಿದ್ದೆ ಹೋಗಿದ್ದಳು. ಕಂಬಳಿ ಸುತ್ತಿ ಎತ್ತಿಕೊಂಡೆ. ಅಜ್ಜ ಬಾಗಿಲವರೆಗೆ ಬಂದು, ಮೆಟ್ಟಿಲ ಮೇಲೆ ಮಂಜುಗಟ್ಟಿದೆ, ಜೋಪಾನ ಎಂದರು. ಎರಡು ಮನೆಗಳ ನಡುವಿನ ಹಿಮದಲ್ಲಿ ನಾಲ್ಕು ಹೆಜ್ಜೆ ಹಾಕಿ ತಿರುಗಿ ನೋಡಿದೆ. ಅಡುಗೆಮನೆಯ ದೀಪ ಉರಿಯುತ್ತಿತ್ತು. ಕಿಟಕಿಕಟ್ಟೆಯ ರೇಡಿಯೊದ ಮೇಲೆ ಸಕ್ಕರೆಯ ಸಿಂಹ ಇನ್ನೂ ನಿಂತಿತ್ತು. ಅದರ ಒಂದು ಕಿವಿ ಕರಗಿತ್ತು. ಅಜ್ಜ ತಾಮ್ರದ ತಂತಿಯನ್ನು ಮೊಳೆಯಿಂದ ಬಿಡಿಸಿ, ಬಿಗಿಯಾಗಿ ಮತ್ತೊಮ್ಮೆ ಸುತ್ತುತ್ತಿದ್ದರು.